ನಲವತ್ತು ಪದದಲ್ಲಿ ಮುಗಿಸಿದ ಮಿಲ್ ಸಾಹೇಬರು

ಕಳೆದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಸೇಡಂನಿಂದ ಫೋನ್ ಬಂತು. ಆ ಕಡೆ ಅಕ್ಕ. ಸ್ವಂತ ಅಕ್ಕನಲ್ಲ, ಚಿಕ್ಕಂದಿನಲ್ಲಿ ನಮಗೆ ಲೆಕ್ಕ ಹೇಳಿಕೊಟ್ಟವರ ಮಗಳು. "ತಮ್ಮಾ, ಅಪ್ಪಾಜಿ ಹೋಗಿಬಿಟ್ರಪ. ಪೇಪರ್‌ದಾಗ ಒಂದ್ ಸಣ್ಣ ಸುದ್ದಿ ಹಾಕ್ಸ್ತಿಯೇನು?" ಎಂದರು.

ಹಾಕಿಸಿದೆವು. ಜಿಲ್ಲಾ ಪುಟದ ಕೆಳಗಡೆ, ಒಂದು ಕಾಲಂ, ಸುಮಾರು ನಲವತ್ತು ಪದ. ಸಿಮೆಂಟ್ ಕಾರ್ಖಾನೆಯ ನಿವೃತ್ತ ಎಂಜಿನಿಯರ್, ಇಷ್ಟು ವಯಸ್ಸು, ಪತ್ನಿ, ಇಬ್ಬರು ಪುತ್ರರು, ಒಬ್ಬ ಪುತ್ರಿ, ಮೊಮ್ಮಕ್ಕಳು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ, ಅಂತ್ಯಕ್ರಿಯೆ ಸ್ವಗ್ರಾಮದಲ್ಲಿ. ಡೆಸ್ಕಿನವರು ಅದರಲ್ಲೂ ಎರಡು ಪದ ಕತ್ತರಿಸಿದ್ದರು. ತಾಲೂಕು ವರದಿಗಾರಿಕೆ ಮಾಡುವ ನಮ್ಮಂಥವರು ಇಂಥ ಸುದ್ದಿಯನ್ನು ತಿಂಗಳಿಗೆ ಹತ್ತಾದರೂ ಕಳಿಸುತ್ತೇವೆ, ಕಳಿಸಿ ಮರೆಯುತ್ತೇವೆ. ಇದನ್ನು ಮರೆಯಲಾಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಮಿಲ್ ನಡೆಸಿದ ಮನುಷ್ಯನ ಬಗ್ಗೆ ನಮಗೆ ಬರೆಯಲು ಸಿಕ್ಕ ಒಂದೇ ವಿಶೇಷಣ "ನಿವೃತ್ತ".

ಅವರ ಹೆಸರು ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ. ದುಡಿದ ಕಾರ್ಖಾನೆಗಳ ಹೆಸರನ್ನೂ ಬಿಟ್ಟಿದ್ದೇವೆ. ಊರಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ಮಿಲ್ ಸಾಹೇಬರು ಎಂದೇ ಕರೆಯುತ್ತೇವೆ. ಮಿಲ್ ಎಂದ ಕೂಡಲೇ ಕಲಬುರಗಿಯ ಎಂಎಸ್‌ಕೆ ಮಿಲ್ಲಿನ ಹಾಗೆ ಬಟ್ಟೆಯ ಗಿರಣಿ ಎಂದುಕೊಳ್ಳಬೇಡಿ. ಇದು ಸಿಮೆಂಟ್ ಮಿಲ್, ಕಲ್ಲು ಬೀಸುವ ಗಿರಣಿ.

ಈ ಗಿರಣಿಗಳು ನಮ್ಮಲ್ಲೇ ಯಾಕೆ ಬಂದವು ಎಂಬುದಕ್ಕೆ ಉತ್ತರ ಕಾಲ ಕೆಳಗೇ ಇದೆ. ಶಹಾಬಾದಿನ ಫರ್ಸಿ ಕಲ್ಲು ಯಾರಿಗೆ ಗೊತ್ತಿಲ್ಲ? ನಮ್ಮ ಮನೆಗಳ ನೆಲ, ಮಾಳಿಗೆ, ಕಟ್ಟೆ, ದನದ ಕೊಟ್ಟಿಗೆ ಎಲ್ಲಾ ಅದೇ. ಭೀಮಾ ತೀರದಿಂದ ಕಾಗಿಣಾ ತೀರದವರೆಗೆ ಹಾಸಿರುವುದು ಸುಣ್ಣದ ಕಲ್ಲು. ಚಿತ್ತಾಪುರ ತಾಲೂಕಿನ ಸನ್ನತಿ, ಕನಗನಹಳ್ಳಿಯಲ್ಲಿ ಎರಡು ಸಾವಿರ ವರ್ಷದ ಹಿಂದೆ ಬೌದ್ಧ ಶಿಲ್ಪಿಗಳು ಇಂಥದೇ ಕಲ್ಲಿನಲ್ಲಿ ಸ್ತೂಪ ಕಟ್ಟಿ, ಅಶೋಕನ ಚಿತ್ರ ಕೆತ್ತಿ, ಕೆಳಗೆ ಅವನ ಹೆಸರನ್ನೂ ಬರೆದರು. ಸೇಡಂ ದಾರಿಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗ ಆಳಿದ ಕೋಟೆಯ ಗೋಡೆಗೂ ಇದೇ ನೆಲದ ಕಲ್ಲು. ಆ ಕಾಲದವರಿಗೆ ಅದನ್ನು ಕೆತ್ತುವುದು ಗೊತ್ತಿತ್ತು. ಅರೆದು ಸುಟ್ಟು ಮತ್ತೆ ಅರೆದು ಚೀಲಕ್ಕೆ ತುಂಬುವುದು ಬಂದದ್ದು ರೈಲು ಬಂದ ಮೇಲೆ.

ರೈಲು 1871ರಲ್ಲಿ ಬಂತು. ಮುಂಬೈ–ಮದ್ರಾಸ್ ಮಾರ್ಗ ಕಲಬುರಗಿ, ಶಹಾಬಾದ, ವಾಡಿ ದಾಟಿ ರಾಯಚೂರಿಗೆ ಹೋಯಿತು. ಮೂರು ವರ್ಷದ ನಂತರ, 1874ರಲ್ಲಿ, ನಿಜಾಮರು ವಾಡಿಯಿಂದ ಸಿಕಂದರಾಬಾದಿಗೆ ತಮ್ಮದೇ ಹಳಿ ಹಾಕಿಸಿದರು. ಚಿತ್ತಾಪುರ, ಸೇಡಂ ಆ ಹಳಿಯ ಮೇಲಿನ ಊರುಗಳು. ಚಿಂಚೋಳಿಗೆ ಮಾತ್ರ ಇಂದಿಗೂ ರೈಲಿಲ್ಲ. ಒಂದು ಟನ್ ಸಿಮೆಂಟಿಗೆ ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಕಲ್ಲನ್ನು ದೂರ ಹೊತ್ತೊಯ್ಯುವುದು ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಕಾರ್ಖಾನೆಯೇ ಕಲ್ಲಿನ ಹತ್ತಿರ ಬರುತ್ತದೆ, ಮಾಲು ರೈಲು ಹತ್ತುತ್ತದೆ. ಇದ್ದಿಲಿಗೆ ಸಿಂಗರೇಣಿ ಗಣಿ ಅದೇ ನಿಜಾಮ ಸಂಸ್ಥಾನದಲ್ಲಿತ್ತು. ಮೊದಲ ಮಹಾಯುದ್ಧ ಮುಗಿದು ದೇಶದಲ್ಲೆಲ್ಲ ಸಿಮೆಂಟ್ ಕಂಪನಿಗಳು ಎದ್ದಾಗ, 1920ರ ದಶಕದಲ್ಲಿ, ಶಹಾಬಾದಿನಲ್ಲೂ ಒಂದು ಎದ್ದಿತು.

ಎದ್ದ ಕಂಪನಿಗಳು ಪರಸ್ಪರ ದರ ಇಳಿಸಿ ಹೊಡೆದಾಡಿದವು. ಕೆಲವು ಮುಳುಗಿದವು. 1925ರಲ್ಲಿ ಉತ್ಪಾದಕರ ಸಂಘ, 1930ರಲ್ಲಿ ಒಟ್ಟಾಗಿ ಮಾರುವ ಕಂಪನಿ, ಕೊನೆಗೆ 1936ರ ಆಗಸ್ಟ್ 1ರಂದು ಹತ್ತು ಕಂಪನಿಗಳು ಸೇರಿ ಎಸಿಸಿ. ಆ ಹತ್ತರಲ್ಲಿ ಶಹಾಬಾದಿನದೂ ಒಂದು. ಈ ಒಕ್ಕೂಟಕ್ಕಾಗಿ ಓಡಾಡಿದ ಎಫ್.ಇ. ದಿನ್‌ಷಾ ಅದು ಕೂಡುವ ಕೆಲವೇ ತಿಂಗಳ ಮೊದಲು ತೀರಿಕೊಂಡರು. ಇದೆಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ಯಾವ ಪುಸ್ತಕದಲ್ಲೂ ಸಿಗದಿರುವುದು ಅಲ್ಲಿ ರಾತ್ರಿ ಪಾಳಿಯಲ್ಲಿ ನಿಂತವರ ಸಂಗತಿ. ನಮ್ಮ ಭಾಗದ ಸಿಮೆಂಟಿನ ಚರಿತ್ರೆ ಬರೀ ಟನ್ನುಗಳ ಚರಿತ್ರೆ.

ಮಿಲ್ ಸಾಹೇಬರು ಹುಟ್ಟಿದ್ದು ಚಿತ್ತಾಪುರದ ಹತ್ತಿರದ ಹಳ್ಳಿಯಲ್ಲಿ, ನಿಜಾಮರ ಕಾಲದಲ್ಲಿ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಆ್ಯಕ್ಷನ್ ಆದಾಗ ಅವರಿಗೆ ನಾಲ್ಕೈದು ವರ್ಷ. ಅವರ ಅಪ್ಪ ಫರ್ಸಿ ಖಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ಬರೆಯುತ್ತಿದ್ದುದು ಉರ್ದುವಿನಲ್ಲಿ. ಮಗ ಶಾಲೆಗೆ ಹೋಗುವ ಹೊತ್ತಿಗೆ ಕನ್ನಡ ಬಂದಿತ್ತು. 1956ರ ನವೆಂಬರಿನಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1958ರಲ್ಲಿ ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಶುರುವಾಗಿ, ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು ಬಾಗಿಲು ತೆರೆಯಿತು. ಅದನ್ನು ನಾವು ಪಿಡಿಎ ಎನ್ನುತ್ತೇವೆ. ಅದಕ್ಕೆ ಮೊದಲು ನಮ್ಮ ಕಡೆಯ ಹುಡುಗ ಎಂಜಿನಿಯರ್ ಆಗಬೇಕಾದರೆ ಹೈದರಾಬಾದಿಗೋ ಪುಣೆಗೋ ಹೋಗಬೇಕು. ಹೋಗುವ ದುಡ್ಡು ಯಾರ ಹತ್ತಿರವಿತ್ತು? ಕಾರ್ಖಾನೆ ನಮ್ಮೂರಲ್ಲಿದ್ದರೂ ಅದರ ಸಾಹೇಬರೆಲ್ಲ ಹೊರಗಿನವರೇ ಆಗಿದ್ದುದು ಹೀಗೆ. ಖಣಿ ಗುಮಾಸ್ತನ ಮಗ ಪಿಡಿಎಯಲ್ಲಿ ಮೆಕ್ಯಾನಿಕಲ್ ಮುಗಿಸಿ, ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾದ 1968ರ ಆಸುಪಾಸಿನಲ್ಲಿ, ಇದೇ ಪಟ್ಟಿಯ ಒಂದು ಕಾರ್ಖಾನೆಗೆ ಟ್ರೇನಿ ಆಗಿ ಸೇರಿದರು. ಹಾಕಿದ್ದು ಮಿಲ್ ವಿಭಾಗಕ್ಕೆ.

ಮಿಲ್ ಎಂದರೇನು ಎಂದು ಅವರು ನಮಗೆ ತೋರಿಸಿದ್ದು ಡಾಲ್ಡಾ ಡಬ್ಬಿಯಲ್ಲಿ. ರಜೆಯ ದಿನ ಹಳ್ಳಿಯ ಐದಾರು ಹುಡುಗರಿಗೆ ತಮ್ಮ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಪುಕ್ಕಟೆ ಲೆಕ್ಕ ಹೇಳಿಕೊಡುತ್ತಿದ್ದರು. ಒಮ್ಮೆ ಖಾಲಿ ಡಬ್ಬಿಗೆ ಒಂದಿಷ್ಟು ಗಾಜಿನ ಗೋಲಿ, ಮುರಿದ ಬಳಪದ ಚೂರು ಹಾಕಿ ಮುಚ್ಚಳ ಬಡಿದು ಫರ್ಸಿಯ ಮೇಲೆ ಉರುಳಿಸಲು ಹೇಳಿದರು. ನಿಧಾನ ಉರುಳಿಸಿದರೆ ಗೋಲಿಗಳು ತಳದಲ್ಲೇ ಜಾರಿದವು, ಬಳಪ ಹಾಗೇ ಉಳಿಯಿತು. ಹದವಾಗಿ ಉರುಳಿಸಿದಾಗ ಗೋಲಿಗಳು ಮೇಲೇರಿ ಬಿದ್ದು ಬಳಪ ಹಿಟ್ಟಾಯಿತು. ಇನ್ನು ಗರಗರ ತಿರುಗಿಸಿದರೆ ಗೋಲಿಗಳು ಡಬ್ಬಿಯ ಗೋಡೆಗೇ ಅಂಟಿ ಸುತ್ತುತ್ತವೆ, ಬೀಳುವುದೇ ಇಲ್ಲ ಎಂದರು. ಅಂಟಿಕೊಳ್ಳುವ ಆ ವೇಗದ ಮುಕ್ಕಾಲು ಪಾಲಿನಷ್ಟರಲ್ಲಿ ತಿರುಗಿಸಬೇಕು. ಇಷ್ಟೇ ನೋಡ್ರಪ ನನ್ ನೌಕರಿ ಎಂದು ನಕ್ಕಿದ್ದರು.

ಅಷ್ಟೇ ಅಲ್ಲ ಎಂದು ಡಿಪ್ಲೊಮಾ ಓದುವಾಗ ಕಾರ್ಖಾನೆಯೊಂದಕ್ಕೆ ವರದಿಗೆಂದು ಹೋದಾಗ ತಿಳಿಯಿತು. ಡಬ್ಬಿಯ ಜಾಗದಲ್ಲಿ ಮನೆಗಿಂತ ಉದ್ದದ ಉಕ್ಕಿನ ಕೊಳವೆ. ಗೋಲಿಯ ಜಾಗದಲ್ಲಿ ಉಕ್ಕಿನ ಗುಂಡುಗಳು, ಮೊದಲ ಕೋಣೆಯಲ್ಲಿ 90 ಮಿ.ಮೀ. ಗಾತ್ರದವು, ಮುಂದಿನ ಕೋಣೆಯಲ್ಲಿ ಸಣ್ಣವು. ಕೊಳವೆಯ ಸುಮಾರು ಮೂರನೇ ಒಂದು ಪಾಲು ಬರೀ ಗುಂಡು. ಬಳಪದ ಜಾಗದಲ್ಲಿ ಕ್ಲಿಂಕರ್, ಅಂದರೆ ಭಟ್ಟಿಯಲ್ಲಿ 1450 ಡಿಗ್ರಿಗೆ ಸುಟ್ಟು ಬಂದ ಕಪ್ಪು ಗಂಟು. ಅದಕ್ಕೆ ನಾಲ್ಕೈದು ಪಾಲು ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟ್. ಒರಟಾಗಿ ಅರೆದರೆ ಗಟ್ಟಿಯಾಗುವುದಿಲ್ಲ, ಅತಿಯಾಗಿ ಅರೆದರೆ ಕರೆಂಟು ಸುಟ್ಟುಹೋಗುತ್ತದೆ. ಮಿಲ್ ತೀರ ಬಿಸಿಯಾದರೆ ಜಿಪ್ಸಂನ ನೀರು ಆರಿ, ಆ ಸಿಮೆಂಟು ಕಲೆಸುವಾಗಲೇ ಬಿಗಿದುಕೊಳ್ಳುತ್ತದೆ. ಹಾಕಿದ ಕರೆಂಟಿನಲ್ಲಿ ಅರೆಯಲು ಹೋಗುವುದು ಚೂರೇ ಚೂರು, ಉಳಿದದ್ದೆಲ್ಲ ಬಿಸಿಯಾಗಿ ಮತ್ತು ಸದ್ದಾಗಿ ಹೋಗುತ್ತದೆ.

ಸದ್ದು ಎಂದೆವಲ್ಲ, ಮಿಲ್ ಎಂಜಿನಿಯರ್ ಬದುಕುವುದೇ ಅದರಲ್ಲಿ. ಒಳಗೆ ಮಾಲು ಕಡಿಮೆಯಾದರೆ ಗುಂಡಿಗೆ ಗುಂಡು ಬಡಿದು ಕರ್ಕಶವಾಗಿ ಕಿರುಚುತ್ತದೆ. ಮಾಲು ಹೆಚ್ಚಾಗಿ ಹೊಟ್ಟೆ ಕಟ್ಟಿದರೆ ಸದ್ದು ಮಂಕಾಗಿ ಒಳಗೇ ಗುಡುಗುತ್ತದೆ. ಆಮೇಲಾಮೇಲೆ ಇದಕ್ಕೂ ಎಲೆಕ್ಟ್ರಾನಿಕ್ ಕಿವಿ ಬಂತು. ಅದಕ್ಕೆ ಮೊದಲು ಮನುಷ್ಯರ ಕಿವಿಯೇ ಯಂತ್ರ. ಮಿಲ್ ಸಾಹೇಬರು ಕ್ವಾರ್ಟರ್ಸಿನಲ್ಲಿ ಮಲಗಿದ್ದಾಗಲೂ ಗಾಳಿ ಆ ಕಡೆಯಿಂದ ಬೀಸಿದರೆ ಎರಡನೇ ಮಿಲ್ ಹೊಟ್ಟೆ ಕಟ್ಟಿದೆ ಎಂದು ಎದ್ದು ಕೂತುಬಿಡುತ್ತಿದ್ದರಂತೆ. ಮಗ್ಗುಲಲ್ಲಿ ಮಗು ಅತ್ತದ್ದು ಮಾತ್ರ ಕೇಳುತ್ತಿರಲಿಲ್ಲ ಎಂದು ಅವರ ಹೆಂಡತಿ, ನಾವು ಚಿಕ್ಕಮ್ಮ ಎನ್ನುವವರು, ನಗುತ್ತ ಹೇಳಿದರು.

ಚಿಕ್ಕಮ್ಮನ ತವರು ಚಿಂಚೋಳಿ ಕಡೆಯ ಹಳ್ಳಿ. ಮದುವೆಯಾಗಿ ಬಂದಾಗ ಹದಿನೆಂಟು. ಸೇಡಂವರೆಗೆ ಬಸ್ಸು, ಅಲ್ಲಿಂದ ರೈಲು. ಅವರು ರೈಲು ಹತ್ತಿದ್ದೇ ಅಂದು ಮೊದಲ ಸಲ. ಕಾಲೊನಿಗೆ ಬಂದ ಮೊದಲ ವಾರ ಭೋಂಗಾ ಕೂಗಿದಾಗಲೆಲ್ಲ ಎದೆ ಝಲ್ ಎನ್ನುತ್ತಿತ್ತಂತೆ. ಆಮೇಲೆ ಮನೆಯ ಗಡಿಯಾರವೇ ಅದಾಯಿತು. ಬೆಳಿಗ್ಗೆ ಆರಕ್ಕೆ ಒಂದು, ಮಧ್ಯಾಹ್ನ ಎರಡಕ್ಕೆ ಒಂದು, ರಾತ್ರಿ ಹತ್ತಕ್ಕೆ ಒಂದು. ಮೊದಲ ಪಾಳಿ ಇದ್ದರೆ ನಾಲ್ಕೂವರೆಗೆ ರೊಟ್ಟಿ ಬಡಿಯಬೇಕು. ರಾತ್ರಿ ಪಾಳಿ ಇದ್ದರೆ ಹಗಲಿಡೀ ಮಕ್ಕಳ ಬಾಯಿ ಮುಚ್ಚಿಸಬೇಕು. ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮಿಲ್ ಹೌಸಿನಲ್ಲಿ ಡಬ್ಬಿ ತೆರೆದರೆ ಮೇಲೆ ಬೂದಿಯಂಥ ಧೂಳು ಕೂರುತ್ತದೆಂದು ಚಿಕ್ಕಮ್ಮ ಎರಡು ಪದರ ಅರಿವೆ ಸುತ್ತಿ ಕಟ್ಟುತ್ತಿದ್ದರು.

ಅಪ್ಪಾಜಿ ಎಂದೂ ನಮ್ಮನ್ನು ಬಿಟ್ಟಿರಲಿಲ್ಲ, ಮನೆ ಎಂದರೆ ಪ್ರಾಣ ಎಂದು ಮಕ್ಕಳು ಹೇಳುತ್ತಾರೆ. ಚಿಕ್ಕಮ್ಮನ ಮಾತು ಬೇರೆ. "ಮನ್ಯಾಗ ಇರ್ತಿದ್ರು ಖರೆ. ಇದ್ದಾಗ ನಿದ್ದೀನೇ ಮಾಡ್ತಿದ್ರು!" ಎರಡೂ ನಿಜವಿರಬೇಕು. ಅವರ ಡೈರಿಗಳನ್ನು ನೋಡಿದ ಮೇಲೆ ನಮಗೆ ಹಾಗೇ ಅನಿಸಿತು.

ಡೈರಿಗಳ ಮಾತು ಈಗ ಹೇಳಬೇಕು. ಹದಿನೈದನೇ ದಿನದ ಕಾರ್ಯ ಮುಗಿದ ಮೇಲೆ ಅಕ್ಕ ನಮ್ಮನ್ನು ಸೇಡಂಗೆ ಕರೆಸಿ ಒಂದು ತಗಡಿನ ಟ್ರಂಕು ತೋರಿಸಿದರು. ಒಳಗೆ ಹದಿನಾರು ಡೈರಿ. ಇನ್ನೂ ಇದ್ದವು, ಗೆದ್ದಲು ಹಿಡಿದು ಹೋದವು. ಎಡಪುಟ ಮಿಲ್ಲಿಗೆ, ಬಲಪುಟ ಮನೆಗೆ. ಎಡಗಡೆ ಮೋಟರಿನ ಆಂಪಿಯರ್, ಬೇರಿಂಗಿನ ಬಿಸಿ, ಎಷ್ಟು ಗುಂಡು ಹಾಕಿದ್ದು, 90 ಮೈಕ್ರಾನ್ ಜರಡಿಯ ಮೇಲೆ ಎಷ್ಟು ಉಳಿದದ್ದು. ಬಲಗಡೆ ಹಾಲಿನ ಲೆಕ್ಕ, ಮಗಳಿಗೆ ಎಷ್ಟು ಜ್ವರ, ಚಿಂಚೋಳಿಗೆ ಬರೆದ ಕಾಗದ, ಅವ್ವನಿಗೆ ಕಳಿಸಿದ ಮನಿಯಾರ್ಡರ್. ಎರಡೂ ಕಡೆ ಒಂದೇ ಕೈಬರಹ, ಒಂದೇ ಮುತುವರ್ಜಿ. ಒಂದು ದಿನದ ಎಡಪುಟದಲ್ಲಿ ಮಿಲ್ಲಿನ ಮುಖ್ಯ ಬೇರಿಂಗ್ ಕಾದು ಬಿಳಿ ಲೋಹ ಕರಗಿದ್ದು, ಮೂವತ್ತು ತಾಸು ಅಲ್ಲೇ ನಿಂತದ್ದು ಇದೆ. ಬಲಪುಟದಲ್ಲಿ ಅಂದೇ ಎರಡನೇ ಮಗನನ್ನು ತೊಟ್ಟಿಲಿಗೆ ಹಾಕಿದ್ದು, ತಾವು ಇರಲಿಲ್ಲ ಎಂಬುದು ಇದೆ. ಅದರ ಮೇಲೆ ಮತ್ತೇನೂ ಬರೆದಿಲ್ಲ. ಮೂರು ದಿನದ ನಂತರ ಬೆಳ್ಳಿಯ ಉಡದಾರದ ಬೆಲೆ ಬರೆದಿದ್ದಾರೆ.

1972ರ ಬರದ ವರ್ಷದ ಡೈರಿ ಪುಣ್ಯಕ್ಕೆ ಉಳಿದಿದೆ. ನಮ್ಮ ಭಾಗದ ಹಿರಿಯರು ಇಂದಿಗೂ ವಯಸ್ಸನ್ನು ಆ ಬರದಿಂದ ಲೆಕ್ಕ ಹಾಕುತ್ತಾರೆ. ಜೋಳ ಏಳಲಿಲ್ಲ, ತೊಗರಿ ಒಣಗಿತು, ಜನ ಖಡಿ ಒಡೆಯಲು ಹೋದರು. ಎರಡು ಕೋಣೆಯ ಆ ಕ್ವಾರ್ಟರ್ಸಿಗೆ ಒಬ್ಬೊಬ್ಬರಾಗಿ ಬಂದವರು ಹನ್ನೊಂದು ಜನ: ಅವ್ವ, ಇಬ್ಬರು ತಮ್ಮಂದಿರು, ಒಬ್ಬ ತಮ್ಮನ ಸಂಸಾರ, ಚಿಕ್ಕಮ್ಮನ ಅಣ್ಣನ ಮಕ್ಕಳು. ಬಲಪುಟದಲ್ಲಿ ಪಗಾರದ ಲೆಕ್ಕ ತಿಂಗಳಿಂದ ತಿಂಗಳಿಗೆ ಬಿಗಿಯಾಗುತ್ತ ಹೋಗುತ್ತದೆ. ಚಹಾ ಪುಡಿ ಅರ್ಧವಾಗುತ್ತದೆ, ಚಿಕ್ಕಮ್ಮನ ಬಳೆ ಒತ್ತೆಗೆ ಹೋಗುತ್ತವೆ. ಬಂದವರನ್ನು ಕಳಿಸಿದ ಸುದ್ದಿ ಮುಂದಿನ ಮಳೆಗಾಲದವರೆಗೂ ಇಲ್ಲ. ಗಂಡಸರು ಮಿಲ್ಲಿನ ಪಾಳಿ ನೋಡಿಕೊಂಡು ಮಲಗುತ್ತಿದ್ದರು, ಸಾಹೇಬರು ಎದ್ದುಹೋದ ಜಾಗದಲ್ಲಿ ಇನ್ನೊಬ್ಬರು ಮೈ ಚಾಚುತ್ತಿದ್ದರು ಎಂದು ಚಿಕ್ಕಮ್ಮ ಹೇಳುತ್ತಾರೆ.

ಇಷ್ಟೆಲ್ಲ ಮಾಡಿದವರು ಬಂಧುಗಳಿಗೆ ಒಂದೇ ಒಂದನ್ನು ಕೊಡಲಿಲ್ಲ, ಸಿಮೆಂಟ್. ಇಂದಿನ ಹುಡುಗರಿಗೆ ಇದು ಅರ್ಥವಾಗಲಿಕ್ಕಿಲ್ಲ. ಆಗ ಸಿಮೆಂಟಿಗೆ ಸರ್ಕಾರದ ನಿಯಂತ್ರಣವಿತ್ತು. ನಿಗದಿ ದರ, ಪರ್ಮಿಟ್ಟು, ಕಚೇರಿ ಅಲೆದಾಟ, ಕಾಳಸಂತೆಯಲ್ಲಿ ದುಪ್ಪಟ್ಟು. ಪಕ್ಕದ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ 1982ರ ಜನವರಿಯಲ್ಲಿ ಕುರ್ಚಿ ಬಿಟ್ಟದ್ದು ಇದೇ ಸಿಮೆಂಟ್ ಹಂಚಿಕೆಯ ಹಗರಣದಲ್ಲಿ. ಅಂಥ ಕಾಲದಲ್ಲಿ ದಿನಕ್ಕೆ ಸಾವಿರಾರು ಚೀಲ ಅರೆಯುವವರ ಮನೆಗೆ ನೆಂಟರು ಬರದೇ ಇರುತ್ತಾರೆಯೇ? ಚಿಂಚೋಳಿಯ ಭಾವ ಮನೆ ಕಟ್ಟಿಸುವಾಗ ಇಪ್ಪತ್ತು ಚೀಲ ಕೇಳಿದರು. ಸಾಹೇಬರು ಪರ್ಮಿಟ್ಟಿನ ಅರ್ಜಿ ಬರೆದುಕೊಟ್ಟರು. ಭಾವ ಆ ಅರ್ಜಿಯನ್ನು ಅಲ್ಲೇ ಹರಿದು ಹೋದವರು ನಾಲ್ಕು ವರ್ಷ ಮಾತಾಡಲಿಲ್ಲ. ಸಾಹೇಬರ ಹಳ್ಳಿಯ ಮನೆಗೆ ಮಣ್ಣಿನ ಗಿಲಾವೇ ಇತ್ತು, ಬಹಳ ಕಾಲ. ಗೋಡೆಗೆ ಸಿಮೆಂಟ್ ಬಿದ್ದದ್ದು 1989ರಲ್ಲಿ ನಿಯಂತ್ರಣ ಪೂರ್ತಿ ಹೋದ ಮೇಲೆ, ಅಂಗಡಿಯಲ್ಲಿ ಕೊಂಡು ತಂದು. ನಮಗೆ ಇದು ಕೊಂಚ ಅತಿ ಎನಿಸುತ್ತದೆ. ಚಿಕ್ಕಮ್ಮನಿಗೂ ಅನಿಸಿತ್ತು. ಅಣ್ಣನ ಸಿಟ್ಟು ಅವರ ತವರಿನ ಹಬ್ಬಗಳನ್ನು ನಾಲ್ಕು ವರ್ಷ ತಿಂದಿತ್ತಲ್ಲ.

ಇಲ್ಲಿ ನಮ್ಮ ಮಾತೊಂದು ಸೇರಿಸಬೇಕು. ನಾವು ಕಾಲೊನಿಯ ಗೋಡೆಯ ಹೊರಗಿನವರು. ನಮ್ಮಪ್ಪ ಗುತ್ತಿಗೆದಾರರ ಕೈಕೆಳಗೆ ವ್ಯಾಗನ್ನಿಗೆ ಚೀಲ ಏರಿಸುತ್ತಿದ್ದರು, 50 ಕಿಲೋದ ಚೀಲ, ತಲೆಯ ಮೇಲೆ. ಗೋಡೆಯ ಒಳಗೆ ಬೀದಿ ದೀಪ, ನಳದ ನೀರು, ಶಾಲೆ, ದವಾಖಾನೆ. ಹೊರಗೆ ಎರಡು ದಿನಕ್ಕೊಮ್ಮೆ ಕರೆಂಟು, ಧೂಳು ಮಾತ್ರ ಗೋಡೆ ನೋಡದೆ ಎಲ್ಲರಿಗೂ ಸಮ. ಒಳಗೂ ದೊಡ್ಡ ಸಾಹೇಬರ ಬಂಗಲೆ ಬೇರೆ, ಕೂಲಿ ಲೈನ್ ಬೇರೆ. ಮಿಲ್ ಸಾಹೇಬರು ನಡುವಿನವರು. ಅವರ ಬಾಳು ನಮ್ಮಪ್ಪನದಕ್ಕಿಂತ ಸುಲಭವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಟ್ಟೆಯ ಮೇಲೆ ಕೂತು ಲೆಕ್ಕ ಕಲಿಯಲು ಹಮಾಲರ ಮಕ್ಕಳಿಗೆ ಆ ಗೇಟಿನ ಒಳಗೆ ದಾರಿ ಇದ್ದದ್ದು ಅವರೊಬ್ಬರ ಮನೆಗೆ. ಸೆಕ್ಯೂರಿಟಿಯವರಿಗೆ ನಮ್ಮ ಹೆಸರಿನ ಚೀಟಿ ಬರೆದುಕೊಟ್ಟಿದ್ದರು.

1982ರ ಫೆಬ್ರವರಿಯಲ್ಲಿ ನಿಯಂತ್ರಣ ಅರ್ಧ ಸಡಿಲವಾಯಿತು. ಅದೇ ವರ್ಷ ವಾಡಿಯಲ್ಲಿ ವರ್ಷಕ್ಕೆ 10 ಲಕ್ಷ ಟನ್ನಿನ ಘಟಕ ಶುರುವಾಯಿತು, ದೇಶಕ್ಕೇ ಅಷ್ಟು ದೊಡ್ಡದು ಮೊದಲು. ಸೇಡಂ ತಾಲೂಕಿನ ಕುರಕುಂಟಾದಲ್ಲಿ ಸರ್ಕಾರದ ಸಿಸಿಐ ಕಾರ್ಖಾನೆ ಮೊದಲೇ ಇತ್ತು. ಆ ದಶಕದಲ್ಲಿ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ. ಪಳಗಿದ ಮಿಲ್ ಎಂಜಿನಿಯರುಗಳಿಗೆ ಎಲ್ಲಿಲ್ಲದ ಬೇಡಿಕೆ. ಗುಜರಾತಿನಿಂದ, ರಾಜಸ್ಥಾನದಿಂದ ದುಪ್ಪಟ್ಟು ಪಗಾರದ ಕರೆ ಬಂದವು. ಅವರ ಜೊತೆಯವರು ಹೋದರು, ಕೆಲವರು ಕೊಲ್ಲಿ ದೇಶಗಳಿಗೂ ಹೋದರು. ಇವರು ಒಮ್ಮೆ ಮಾತ್ರ ಕಾರ್ಖಾನೆ ಬದಲಿಸಿದರು, ಅದೂ ಒಂದು ತಾಸಿನ ರೈಲು ದಾರಿಯಷ್ಟು ದೂರಕ್ಕೆ. ಅವ್ವ ಹಳ್ಳಿ ಬಿಟ್ಟು ಬರಲೊಲ್ಲರು, ಮಗಳಿಗೆ ಪಿಡಿಎಯಲ್ಲಿ ಸೀಟು ಸಿಕ್ಕಿತ್ತು. ಅವಳ ಕ್ಲಾಸಿನಲ್ಲಿ ಮೆಕ್ಯಾನಿಕಲ್ ಓದುವ ಹುಡುಗಿ ಅವಳೊಬ್ಬಳೇ. ಪ್ರತಿ ಸೋಮವಾರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಅದೇ ಧೂಳಿನ ಅಂಗಿಯಲ್ಲಿ ಸ್ಟೇಷನ್ನಿಗೆ ಬಂದು ಅವಳನ್ನು ಕಲಬುರಗಿ ರೈಲಿಗೆ ಹತ್ತಿಸುತ್ತಿದ್ದರು. ಮನೆಯಿಂದ ಅವಳ ಚೀಲ ಹೊತ್ತು ತರುವುದು ತಮ್ಮಂದಿರ ಕೆಲಸ. ರೈಲು ತಡವಾದರೆ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ. ಅಪ್ಪಾಜಿಯ ಜೊತೆ ತಾನು ಅತಿ ಹೆಚ್ಚು ಹೊತ್ತು ಕಳೆದದ್ದು ಆ ಪ್ಲಾಟ್‌ಫಾರ್ಮಿನಲ್ಲಿ ಎಂದು ಅಕ್ಕ ಹೇಳುತ್ತಾರೆ.

ಆಮೇಲಿನ ಕಥೆ ಬೇಗ ಹೇಳುತ್ತೇವೆ. ಹಳೆಯ ಕಾರ್ಖಾನೆಗಳು ಕಲ್ಲನ್ನು ನೀರಿನಲ್ಲಿ ಅರೆದು ಕೆಸರು ಮಾಡಿ ಭಟ್ಟಿಗೆ ಹಾಕುವ ಪದ್ಧತಿಯವು. ಆ ನೀರನ್ನು ಆರಿಸಲೇ ಅಷ್ಟು ಇದ್ದಿಲು ಬೇಕು. ಒಣ ಪದ್ಧತಿಯ ಹೊಸ ಭಟ್ಟಿಗಳ ಮುಂದೆ ಅವು ನಿಲ್ಲಲಾರದೆ ಹೋದವು. 1990ರ ದಶಕದ ಕೊನೆಗೆ ಕುರಕುಂಟಾದ ಸರ್ಕಾರಿ ಕಾರ್ಖಾನೆಯೂ ನಿಂತಿತು. ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಕೈ ಬದಲಾಯಿಸಿ ನಿಂತಿತು, ಜೊತೆಗಿದ್ದ ಬಾಯ್ಲರ್ ಕಾರ್ಖಾನೆ ಒಂದಾದ ಮೇಲೊಂದು ಹೆಸರು ಬದಲಿಸಿತು. ಅತ್ತ ವಾಡಿಯಲ್ಲಿ 2001ರಲ್ಲಿ 26 ಲಕ್ಷ ಟನ್ನಿನ ಹೊಸ ಘಟಕ ಬಂತು. ಮುಂದೆ ಚಿತ್ತಾಪುರ ತಾಲೂಕಿನ ಇಟಗಾದಲ್ಲಿ, ರೈಲಿಲ್ಲದ ಚಿಂಚೋಳಿ ತಾಲೂಕಿನ ಛತ್ರಸಾಲದಲ್ಲೂ ಕಾರ್ಖಾನೆ ಎದ್ದವು. ಹೊಸ ಮಿಲ್ಲುಗಳಲ್ಲಿ ಹೆಚ್ಚಿನವುಗಳಲ್ಲಿ ಗುಂಡುಗಳೇ ಇಲ್ಲ, ಉರುಳುವ ಚಕ್ರಗಳ ಅಡಿಯಲ್ಲಿ ಕಲ್ಲು ಹಿಟ್ಟಾಗುತ್ತದೆ. ಗಾಜಿನ ಕೋಣೆಯಲ್ಲಿ ಕೂತವರು ಪರದೆಯ ಮೇಲೆ ನೋಡಿ ನಡೆಸುತ್ತಾರೆ. ಡಾಲ್ಡಾ ಡಬ್ಬಿಯ ಪಾಠ ಅಲ್ಲಿಗೆ ನಡೆಯುವುದಿಲ್ಲ.

ಮಿಲ್ ಸಾಹೇಬರು ಆ ಹೊತ್ತಿಗೆ ನಿವೃತ್ತರಾಗಿ ಸೇಡಂನಲ್ಲಿ ಮನೆ ಮಾಡಿದ್ದರು. ಕಿವಿ ಹೋಗಿತ್ತು. ಒಮ್ಮೆಲೇ ಅಲ್ಲ, ವರ್ಷ ವರ್ಷಕ್ಕೆ ಒಂದೊಂದು ಸದ್ದು. ಮೊದಲು ಮಕ್ಕಳ ಪಿಸುಮಾತು, ಆಮೇಲೆ ಬಾಗಿಲು ಬಡಿದದ್ದು, ಆಮೇಲೆ ಫೋನು. ಕಾಲೊನಿಯಲ್ಲಿದ್ದಾಗಲೇ ಅವರ ಮನೆಯಲ್ಲಿ ಮಾತು ಜೋರು. ಪಕ್ಕದವರು ಗಂಡ ಹೆಂಡತಿ ಜಗಳವಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು, ಆಗ ಅವರು ಎಳ್ಳ ಅಮವಾಸ್ಯೆಗೆ ಯಾವ ಹೊಲಕ್ಕೆ ಹೋಗೋಣ ಎಂದು ಮಾತಾಡುತ್ತಿರುತ್ತಿದ್ದರು. ಎಂಟು ತಾಸಿನ ಕೆಲಸಕ್ಕೆ 90 ಡೆಸಿಬಲ್ ಮಿತಿ. ಗುಂಡಿನ ಮಿಲ್ಲಿನ ಪಕ್ಕ ಅದು ನೂರು ದಾಟುತ್ತದೆ. ಸದ್ದಿನಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ವೃತ್ತಿರೋಗಗಳ ಸಾಲಿನಲ್ಲೇ ಇತ್ತು. ಕಿವಿಗೆ ಹತ್ತಿ ಇಟ್ಟುಕೊಂಡರೆ ಮಿಲ್ಲಿನ ಹೊಟ್ಟೆ ತಿಳಿಯುವುದಿಲ್ಲ ಎಂದು ಅವರು ಎಂದೂ ಇಟ್ಟುಕೊಳ್ಳಲಿಲ್ಲ. ಅವರ ಕಿವಿಯನ್ನು ಯಾರೂ ಪರೀಕ್ಷಿಸಿದ ಚೀಟಿ ಟ್ರಂಕಿನಲ್ಲಿ ಇಲ್ಲ. ಪರಿಹಾರ ಕೇಳಿ ಅರ್ಜಿ ಕೊಡು ಎಂದು ಹಿರಿಯ ಮಗ ಒತ್ತಾಯಿಸಿದ್ದನಂತೆ. ಅವರು ಒಪ್ಪಲಿಲ್ಲ. ಆ ವಿಷಯಕ್ಕೆ ಅಪ್ಪ ಮಗನ ನಡುವೆ ಆದ ಮನಸ್ತಾಪ ಕೊನೆಯವರೆಗೂ ಪೂರ್ತಿ ಹೋಗಲಿಲ್ಲ. ಮಗ ಈಗಲೂ ಅದನ್ನು ಹೇಳುವಾಗ ಬೇರೆ ಕಡೆ ನೋಡುತ್ತಾನೆ.

ಮೊಮ್ಮಕ್ಕಳ ಮಾತು ಅವರಿಗೆ ಕೇಳಿಸಲೇ ಇಲ್ಲ. ಮಕ್ಕಳು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು, ಅವರು ಜೋರಾಗಿ ಉತ್ತರ ಹೇಳುತ್ತಿದ್ದರು. ಹೀಗೆ ಮೂವರು ಮೊಮ್ಮಕ್ಕಳು ಶಾಲೆಗೆ ಸೇರುವ ಮೊದಲೇ ಕನ್ನಡ ಬರೆಯಲು ಕಲಿತರು.

ನಿವೃತ್ತಿಯ ನಂತರವೂ ಡೈರಿ ನಿಲ್ಲಲಿಲ್ಲ. ಬಲಪುಟ ಎಂದಿನಂತೆ. ಎಡಪುಟ ಮೊದಲ ಎರಡು ವರ್ಷ ಖಾಲಿ. ಆಮೇಲೆ ಒಂದೊಂದೇ ಸಾಲು ಬರತೊಡಗುತ್ತದೆ: ಬೋರಿನ ಮೋಟರ್, ಫ್ಯಾನು, ಅಡುಗೆಮನೆಯ ಮಿಕ್ಸರ್. ಮಿಕ್ಸರಿನ ಬೇರಿಂಗ್ ಯಾವಾಗ ಬದಲಿಸಿದ್ದು, ಎಷ್ಟು ಬಿಸಿ, ಮಸಾಲೆ ಎಷ್ಟು ನುಣ್ಣಗೆ. ಕಿವಿ ಕೇಳದಿದ್ದರಿಂದ ಅದು ತಿರುಗುವಾಗ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು, ಅದುರುವುದರಲ್ಲೇ ತಿಳಿಯುತ್ತಿತ್ತು ಎಂದು ಚಿಕ್ಕಮ್ಮ ಹೇಳಿದರು.

ಟ್ರಂಕನ್ನು ಅಕ್ಕ ನಮಗೆ ಕೊಟ್ಟರು. ಸೇಡಂನಲ್ಲಿ ಇಟ್ಟರೆ ದೀಪಾವಳಿಗೆ ರದ್ದಿಯವನ ಪಾಲಾಗುತ್ತದೆ ಎಂದರು. ಬೈಕಿನ ಹಿಂದೆ ಹಗ್ಗದಿಂದ ಬಿಗಿಯುತ್ತಿದ್ದಾಗ ಚಿಕ್ಕಮ್ಮ ಒಳಗಿನಿಂದ ಮಿಕ್ಸರನ್ನೇ ಎತ್ತಿಕೊಂಡು ಬಂದರು. "ನೋಡಪ, ಇದು ಮತ್ತ ಸದ್ದು ಮಾಡ್ಲಕತ್ತದ. ಸೇಡಂದಾಗ ಛಲೋ ರಿಪೇರಿ ಯಾರ್ ಮಾಡ್ತಾರ, ಗೊತ್ತದೇನು ನಿನಗ?"

ಬಸ್ ನಿಲ್ದಾಣದ ಹಿಂದೆ ಒಬ್ಬರಿದ್ದಾರೆ ಎಂದೆವು. ಹೋಗುವ ದಾರಿಯಲ್ಲೇ ಇತ್ತು. ಮಿಕ್ಸರನ್ನು ಟ್ರಂಕಿನ ಮೇಲೆ ಕಟ್ಟಿಕೊಂಡು ಹೊರಟೆವು.